ಬಾಬಿ ಫಿಷರ್: ಆಟ ಮೆಚ್ಚಿದೆವು, ಮಾತು?

ಚೆಸ್ ಆಡುವ ನಮ್ಮ ಹುಡುಗ ಹುಡುಗಿಯರಿಗೆ ಗೊತ್ತಿರಬಹುದು: ಈಗಿನ ಅನೇಕ ಪಂದ್ಯಗಳಲ್ಲಿ ಪ್ರತಿ ನಡೆಗೂ ಗಡಿಯಾರ ಕೆಲವು ಸೆಕೆಂಡು ಸೇರಿಸಿಕೊಡುತ್ತದೆ. ಆ ಏರ್ಪಾಡಿಗೆ ಪೇಟೆಂಟ್ ಪಡೆದಾತ ಅಮೆರಿಕದ ಬಾಬಿ ಫಿಷರ್.

1943ರಲ್ಲಿ ಹುಟ್ಟಿದ ಈತ ಹದಿಮೂರರಲ್ಲೇ ಡೊನಾಲ್ಡ್ ಬರ್ನ್ ವಿರುದ್ಧ ಕ್ವೀನನ್ನೇ ಬಲಿಕೊಟ್ಟು ಗೆದ್ದ. ಅದನ್ನು ಇಂದಿಗೂ ‘ಶತಮಾನದ ಆಟ’ ಎನ್ನುತ್ತಾರೆ. ಹದಿನೈದಕ್ಕೆ ಗ್ರ್ಯಾಂಡ್‌ಮಾಸ್ಟರ್. 1971ರಲ್ಲಿ ತೈಮನೊವ್, ಲಾರ್ಸೆನ್ ಇಬ್ಬರನ್ನೂ 6-0 ಅಂತರದಲ್ಲಿ ಸೋಲಿಸಿದ, ಒಂದು ಡ್ರಾ ಕೂಡ ಬಿಟ್ಟುಕೊಡದೆ! 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಸೋವಿಯತ್ ದೇಶದ ಸ್ಪಾಸ್ಕಿಯನ್ನು ಮಣಿಸಿ ವಿಶ್ವ ಚಾಂಪಿಯನ್ ಆದ. 1975ರಲ್ಲಿ ತನ್ನ ಷರತ್ತುಗಳೆಲ್ಲ ನಡೆಯಲಿಲ್ಲವೆಂದು ಕಾರ್ಪೊವ್ ಜೊತೆ ಆಡದೆಯೇ ಪಟ್ಟ ಕಳೆದುಕೊಂಡ.

ಅಲ್ಲಿಗೇ ನಿಂತಿದ್ದರೆ ‘ಹಠಮಾರಿ’ ಎಂದು ಸುಮ್ಮನಾಗಬಹುದಿತ್ತು. 1992ರಲ್ಲಿ ನಿರ್ಬಂಧ ಮೀರಿ ಯುಗೊಸ್ಲಾವಿಯಾದಲ್ಲಿ ಸ್ಪಾಸ್ಕಿಯೊಡನೆ ಮತ್ತೆ ಆಡಲು ಹೊರಟು, ಅಮೆರಿಕ ಸರಕಾರದ ಆದೇಶದ ಮೇಲೆ ಉಗುಳಿದ. ತಾಯಿ ಯಹೂದಿಯಾಗಿದ್ದರೂ ಯಹೂದಿಗಳ ಮೇಲೆ ವಿಷ ಕಾರಿದ. 2001ರ ಸೆಪ್ಟೆಂಬರ್ 11ರ ದಾಳಿಯನ್ನು ರೇಡಿಯೋದಲ್ಲಿ ಹೊಗಳಿದ. ‘ಪ್ರತಿಭಾವಂತರೇ ಹಾಗೆ, ಸ್ವಲ್ಪ ತಿಕ್ಕಲು’ ಎಂದು ಇದನ್ನು ತೇಲಿಸಿಬಿಡುವವರನ್ನು ನಾನಂತೂ ಒಪ್ಪಲಾರೆ. ಆ ಮಾತಿನಿಂದ ನೊಂದವರಿಗೆ ಕ್ವೀನ್ ಬಲಿಯ ಸೊಗಸು ಏನು ಸಮಾಧಾನ ಕೊಟ್ಟೀತು? ಹಾಗೆಂದು ಆ ಆಟಗಳನ್ನು ಪುಸ್ತಕದಿಂದ ಹರಿದೆಸೆಯಲೂ ಆಗದು.

2004ರಲ್ಲಿ ಜಪಾನಿನಲ್ಲಿ ಫಿಷರ್‌ನನ್ನು ಬಂಧಿಸಿದಾಗ ಸ್ಪಾಸ್ಕಿ ಅಧ್ಯಕ್ಷ ಬುಷ್‌ಗೆ ಪತ್ರ ಬರೆದ: ತಾನೂ ಅದೇ ತಪ್ಪು ಮಾಡಿದವನು, ತನ್ನನ್ನೂ ಅದೇ ಕೋಣೆಗೆ ಹಾಕಿ ಒಂದು ಚೆಸ್ ಸೆಟ್ ಕೊಡಲಿ, ಎಂದು. ಕೊನೆಗೆ 2005ರಲ್ಲಿ ಪೌರತ್ವ ಕೊಟ್ಟು ಕರೆಸಿಕೊಂಡದ್ದು ಐಸ್‌ಲ್ಯಾಂಡ್. 2008ರ ಜನವರಿ 17ರಂದು ರೇಕ್ಯಾವಿಕ್‌ನಲ್ಲೇ ತೀರಿಕೊಂಡ.