ಹಳೆಯ ಕಾರಿನ ಕಿಡಿಗೆ ತಕ್ಕ ಸಮಯ

ತಂದೆಯವರ ಕಾಲದ ಅಂಬಾಸಿಡರ್ ಕಾರೊಂದನ್ನು ಮಾರಲು ಮನಸ್ಸು ಬಾರದೆ ಅಂಗಳದಲ್ಲಿ ಉಳಿಸಿಕೊಂಡ ಮನೆಗಳು ಇಂದಿಗೂ ಇವೆ. ಮಂಠಾಳದಿಂದ ಬಸವಕಲ್ಯಾಣಕ್ಕೋ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೋ ಮನೆಮಂದಿಯನ್ನೆಲ್ಲ ಹೊತ್ತೊಯ್ದ ವಾಹನವೆಂಬ ಅಕ್ಕರೆ ಅದರ ಮೇಲೆ. 1958ರಿಂದ 2014ರವರೆಗೆ ತಯಾರಾದ ಈ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನನ್ನು ಬಲ್ಲ ಹಿರಿಯ ಮಿಸ್ತ್ರಿಗಳು ಈಗ ವಿರಳ. ಆದುದರಿಂದ ಇಗ್ನಿಶನ್ ಟೈಮಿಂಗ್ ಸರಿಪಡಿಸುವುದನ್ನು ಮನೆಯವರೇ ಕಲಿತಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲದ ಕಾರಣ ಈ ಮಾತು ಅದಕ್ಕೆ ಅನ್ವಯಿಸದು.

ಪೆಟ್ರೋಲು ಗಾಳಿಯೊಡನೆ ಬೆರೆತು ಉರಿಯಲು ತುಸು ಕಾಲ ಬೇಕು. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿಯೇ 9 ಡಿಗ್ರಿ ಸರಿದಿರುತ್ತದೆ. ಆದುದರಿಂದ ಪಿಸ್ಟನ್ ತುದಿಗೆ ತಲಪುವ ಮೊದಲೇ ಕಿಡಿ ಹಾರಬೇಕು. ತೀರ ಮುಂಚೆ ಹಾರಿದರೆ ಏರುವ ಪಿಸ್ಟನ್ನಿಗೆ ಎದುರೇಟು ಬಿದ್ದು ಒಳಗೆ ಟಕಟಕ ಸದ್ದು ಕೇಳುತ್ತದೆ. ಅದನ್ನು ಅಲಕ್ಷಿಸಿದರೆ ಪಿಸ್ಟನ್ನಿಗೆ ತೂತೇ ಬೀಳಬಹುದು. ಹ್ಯಾಂಡಲ್ ತಿರುಗಿಸುವವರ ಮಣಿಕಟ್ಟು ಮುರಿಯುವುದೂ ಉಂಟು. ತಡವಾದರೆ ಎಂಜಿನ್ ಕಾಯುತ್ತದೆ, ಏರಿನಲ್ಲಿ ದಣಿಯುತ್ತದೆ, ಪೆಟ್ರೋಲು ವ್ಯರ್ಥವಾಗುತ್ತದೆ. ಎಳೆತ ಹೆಚ್ಚಲೆಂದು ಕಿವಿಯ ಅಂದಾಜಿನ ಮೇಲೆ ಟೈಮಿಂಗನ್ನು ಮುಂದೂಡುತ್ತ ಹೋಗುವುದೇ ಈ ಕೆಲಸದಲ್ಲಿ ಕಂಡುಬರುವ ಮುಖ್ಯ ತಪ್ಪು.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಎರಡು ತಂತಿ ಜೋಡಿಸಿದ 12 ವೋಲ್ಟಿನ ಬಲ್ಬು, ಫೀಲರ್ ಗೇಜ್, ಪಾನಾ, ಸೀಮೆಸುಣ್ಣ ಸಾಕು. ಎಂಜಿನ್ ತಣ್ಣಗಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಇಡಿರಿ. ಕಾಯಿಲ್‌ನ ನಡುವಿನ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರಿನಿಂದ ಕಿತ್ತು ಎಂಜಿನ್ನಿನ ಲೋಹಕ್ಕೆ ಭದ್ರವಾಗಿ ತಾಗಿಸಿದರೆ ಎಂಜಿನ್ ಅಕಸ್ಮಾತ್ ಚಾಲೂ ಆಗುವ ಭಯವಿರದು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರತಕ್ಕದ್ದು.

ಮೊದಲು ಪಾಯಿಂಟಿನ ಅಂತರ, ಬಳಿಕ ಟೈಮಿಂಗ್. ಈ ಕ್ರಮ ತಪ್ಪಕೂಡದು. ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ 1489 ಸಿಸಿಯ ಹಳೆಯ ಎಂಜಿನ್ನಿಗೆ 0.35ರಿಂದ 0.40 ಮಿಲಿಮೀಟರ್ ಅಂತರ ಸಾಮಾನ್ಯ. ನಂತರ ಮೊದಲನೆಯ ಸಿಲಿಂಡರ್, ಅಂದರೆ ರೇಡಿಯೇಟರಿಗೆ ಹತ್ತಿರದ್ದು, ಒತ್ತಡದ ಹೊಡೆತಕ್ಕೆ ಬರುವಂತೆ ಹ್ಯಾಂಡಲ್ ತಿರುಗಿಸಿರಿ. ಆ ಸಿಲಿಂಡರಿನ ಪ್ಲಗ್ ತೆಗೆದು ರಂಧ್ರದ ಮೇಲೆ ಹೆಬ್ಬೆರಳಿಟ್ಟರೆ ಗಾಳಿ ತಳ್ಳುವುದು ತಿಳಿಯುತ್ತದೆ. ಪುಲ್ಲಿಯ ಗುರುತು, ಕಾರಿನ ಕೈಪಿಡಿಯಲ್ಲಿ ಹೇಳಿದ ಡಿಗ್ರಿಗೆ ಸರಿಯಾಗಿ ನಿಲ್ಲಬೇಕು. ಆಗ ರೋಟರ್ ಮೊದಲನೆಯ ಪ್ಲಗ್ಗಿನ ತಂತಿಯ ಕಡೆ ಮುಖ ಮಾಡಿರುತ್ತದೆ.

ಡಿಸ್ಟ್ರಿಬ್ಯೂಟರ್ ಈಗಿರುವ ಸ್ಥಾನಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಕೆಲಸ ಕೆಟ್ಟರೆ ಹಿಂದಿರುಗಲು ಅದೇ ದಾರಿ. ಬಲ್ಬಿನ ಒಂದು ತಂತಿಯನ್ನು ಡಿಸ್ಟ್ರಿಬ್ಯೂಟರಿನ ಪಕ್ಕದ ಸಣ್ಣ ತಂತಿಯ ತಿರುಪಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಜೋಡಿಸಿ ಕೀಲಿ ತಿರುಗಿಸಿರಿ. ಪಾಯಿಂಟ್ ಮುಚ್ಚಿದ್ದರೆ ಬಲ್ಬು ಆರಿರುತ್ತದೆ, ತೆರೆದರೆ ಹೊತ್ತುತ್ತದೆ. ಹಿಡಿಕೆಯ ಬೋಲ್ಟು ಸಡಿಲಿಸಿ, ರೋಟರ್ ತಿರುಗುವ ದಿಕ್ಕಿಗೇ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಲ್ಬನ್ನು ಆರಿಸಿರಿ; ಬಳಿಕ ಎದುರು ದಿಕ್ಕಿಗೆ ಮೆಲ್ಲನೆ ತನ್ನಿರಿ. ಬಲ್ಬು ಹೊತ್ತಿದ ಆ ಕ್ಷಣವೇ ಕಿಡಿಯ ಕ್ಷಣ. ಅಲ್ಲಿಯೇ ಬಿಗಿಮಾಡಿ, ಎಂಜಿನ್ನನ್ನು ಎರಡು ಪೂರ್ಣ ಸುತ್ತು ಮುಂದಕ್ಕೆ ತಿರುಗಿಸಿ ಮತ್ತೊಮ್ಮೆ ಪರೀಕ್ಷಿಸಿರಿ. ಹಿಂದಕ್ಕೆ ತಿರುಗಿಸಿದರೆ ಹಲ್ಲುಗಳ ಸಡಿಲದಿಂದ ಲೆಕ್ಕ ತಪ್ಪುತ್ತದೆ. ಕೆಲಸ ಮುಗಿದೊಡನೆ ಕೀಲಿ ಮುಚ್ಚಿರಿ, ಇಲ್ಲವಾದರೆ ಕಾಯಿಲ್ ಕಾದು ಹಾಳಾದೀತು.

ಪ್ಲಗ್ಗನ್ನೂ ದಪ್ಪ ತಂತಿಯನ್ನೂ ಮೊದಲಿನಂತೆ ಕೂಡಿಸಿ, ಎಂಜಿನ್ನನ್ನು ಬಯಲಿನಲ್ಲಿಯೇ ಚಾಲೂ ಮಾಡಿರಿ. ಮುಚ್ಚಿದ ಕೊಟ್ಟಿಗೆಯಲ್ಲಿ ಅದರ ಹೊಗೆ ಜೀವಕ್ಕೇ ಮುಳುವು. ಕೊನೆಗೆ ಏರುದಾರಿಯಲ್ಲಿ ಓಡಿಸಿ ನೋಡಿರಿ. ಟಕಟಕ ಸದ್ದು ಬಂದರೆ ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೆ ಕೂದಲೆಳೆಯಷ್ಟು ಸರಿಸಿರಿ. ಕೈಪಿಡಿಯ ಅಂಕಿ ಅಂದಿನ ಪೆಟ್ರೋಲಿಗೆ ಬರೆದದ್ದು. ಇಂದಿನದರಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಕೊಳವೆಗಳನ್ನೂ ಅದೇ ದಿನ ನೋಡಿಕೊಳ್ಳುವುದು ಲೇಸು.

ಇಷ್ಟನ್ನು ಮನೆಯ ಹಿರಿಯರು ಮಕ್ಕಳನ್ನು ಹತ್ತಿರ ಕರೆದುಕೊಂಡು ಮಾಡಲಿ ಎಂಬುದು ನಮ್ಮ ವಿನಂತಿ. ಕೈಯಿಂದ ಕೈಗೆ ಬಂದ ವಾಹನದೊಡನೆ ಅದನ್ನು ನೋಡಿಕೊಳ್ಳುವ ಕಾಯಕವೂ ಕೈಯಿಂದ ಕೈಗೆ ದಾಟಿದರೆ ಮಾತ್ರ ಅದು ಮುಂದಿನ ತಲೆಮಾರಿಗೂ ಓಡೀತು.