ಮಣ್ಣು ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ

ಬೆರಳುದ್ದದ ಸೈನಿಕನ ಗೊಂಬೆಯಾಗಲಿ, ಪುಟಾಣಿ ರೈಲಾಗಲಿ, ನಿಲ್ಲಲು ಅದಕ್ಕೊಂದು ನೆಲ ಬೇಕು. ಆ ನೆಲಕ್ಕೆಂದೇ ಜಲ್ಲಿ, ಹುಲ್ಲು, ಪೊದೆಗಳ ಪೊಟ್ಟಣಗಳು ಈಗ ದುಬಾರಿ ಬೆಲೆಗೆ ಮಾರಾಟಕ್ಕಿವೆ. ಅವು ಅಂಗಡಿಗೆ ಬರುವ ಶತಮಾನಗಳ ಮೊದಲೇ, ಕಾಸಿಲ್ಲದೆ ನೆಲ ಮಾಡುವ ಗುಟ್ಟು ಚಿತ್ರಕಾರರಿಗೆ ಸಿಕ್ಕಿತ್ತು.

ಬೆಟ್ಟಗಳನ್ನು ಚೆನ್ನಾಗಿ ಬರೆಯಬೇಕೆನ್ನುವವರು ಒರಟಾದ, ತೊಳೆಯದ ಕಲ್ಲುಗಳನ್ನು ತಂದು ಎದುರಿಗಿಟ್ಟುಕೊಳ್ಳಲಿ ಎಂದು ಇಟಲಿಯ ಚೆನ್ನಿನೊ ಚೆನ್ನಿನಿ 1400ರ ಸುಮಾರಿಗೆ ತನ್ನ ಕೈಪಿಡಿಯಲ್ಲಿ ಬರೆದ. ಇಂಗ್ಲೆಂಡಿನ ಥಾಮಸ್ ಗೇನ್ಸ್‌ಬರೊ (1727–1788) ಇನ್ನೂ ಮುಂದೆ ಹೋದ. ಮೇಜಿನ ಮೇಲೆಯೇ ಒಂದು ಸೀಮೆ ಕಟ್ಟಿಕೊಂಡು ಅದನ್ನು ನೋಡಿ ಚಿತ್ರ ಬರೆಯುತ್ತಿದ್ದ. ಕಲ್ಲಿದ್ದಲು, ಬೆಂಡಿನ ಚೂರುಗಳೇ ಬಂಡೆ, ಮರಳು, ಜೇಡಿಮಣ್ಣೇ ಬಯಲು, ಪಾಚಿಯೇ ಪೊದೆ, ಬ್ರೊಕೊಲಿಯೇ ದೂರದ ಕಾಡು. ಅವನು ತೀರಿಕೊಂಡ ವರ್ಷವೇ ಜೋಶುವಾ ರೆನಾಲ್ಡ್ಸ್ ರಾಯಲ್ ಅಕಾಡೆಮಿಯ ಭಾಷಣದಲ್ಲಿ ಈ ಅಭ್ಯಾಸವನ್ನು ನೆನೆದ. ನೀರಿಗೆ ಕನ್ನಡಿ ಚೂರುಗಳನ್ನು ಇಡುತ್ತಿದ್ದುದನ್ನೂ ಹೇಳಿದ.

ನನ್ನ ಗಮನ ಸೆಳೆದದ್ದು ಆ ಕನ್ನಡಿ. ಕಲ್ಲಿಗೆ ಕಲ್ಲಿದ್ದಲು, ಮಣ್ಣಿಗೆ ಮಣ್ಣು ಇಟ್ಟವನು ನೀರಿಗೆ ಮಾತ್ರ ನೀರನ್ನಿಡಲಿಲ್ಲ. ನಮ್ಮ ದಸರಾ ಗೊಂಬೆಗಳ ಮುಂದೆ ಪಾರ್ಕು ಕಟ್ಟುವವರೂ ರಾಗಿ, ಸಾಸಿವೆ ಮೊಳಕೆ ಬರಿಸಿ ಹೊಲ ಮಾಡುತ್ತಾರೆ, ಕೆರೆಗೆ ಕನ್ನಡಿ ಇಡುತ್ತಾರೆ. ಒಬ್ಬರನ್ನೊಬ್ಬರು ಕಾಣದ ಕೈಗಳು ಒಂದೇ ಕಡೆಗೆ ಬಂದಿವೆ.

ಕಲ್ಲು ಒಡೆಯುವ ಬಗೆ ದೊಡ್ಡದರಲ್ಲೂ ಚಿಕ್ಕದರಲ್ಲೂ ಹೆಚ್ಚುಕಡಿಮೆ ಒಂದೇ. ಪಕ್ಕದಲ್ಲಿ ಅಳತೆಗೊಂದು ವಸ್ತುವಿಲ್ಲದಿದ್ದರೆ ಕಲ್ಲಿದ್ದಲ ಚೂರಿನ ಫೋಟೊ ಯಾವುದು, ಕಡಿದಾದ ಬಂಡೆಯದು ಯಾವುದು ಎಂದು ಹೇಳುವುದು ಕಷ್ಟ. ಬೆನ್ವಾ ಮ್ಯಾಂಡಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದದ ಬಗ್ಗೆ ಬರೆದ ಪ್ರಬಂಧ ಈ ಗುಣಕ್ಕೆ ಗಣಿತದ ರೂಪ ಕೊಟ್ಟಿತು. ನೀರಿನ ಸ್ವಭಾವವೇ ಬೇರೆ. ಗಾತ್ರ ಕುಗ್ಗಿದಂತೆ ತೂಕ ಬೇಗ ಬೇಗ ಇಳಿಯುತ್ತದೆ, ಮೇಲ್ಮೈ ಎಳೆತ ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಚಿಕ್ಕ ಲೋಕದಲ್ಲಿ ನೀರು ಹರಿಯುವುದಕ್ಕಿಂತ ದುಂಡಗೆ ಕೂರುವುದೇ ಹೆಚ್ಚು. 72ರಲ್ಲಿ ಒಂದು ಪಾಲಿನ ಅಳತೆಯ ಸೈನಿಕನ ಪಾದದ ಬಳಿ 4 ಮಿಲಿಮೀಟರಿನ ಹನಿ ಬಿದ್ದರೆ, ಅವನ ಕಣ್ಣಿಗೆ ಅದು ಕಲ್ಲಂಗಡಿ ಹಣ್ಣಿನಷ್ಟು ದಪ್ಪ.

ಅಗ್ಗದ ನೆಲ ಮಾಡುವವರ ಕೈ ಕಟ್ಟಿಹಾಕಿದ್ದೂ ಈ ಹನಿಯೇ. ಮರಳು, ಬಣ್ಣ ಹಾಕಿದ ಮರದ ಹೊಟ್ಟು, ಮಿಕ್ಸಿಯಲ್ಲಿ ಪುಡಿ ಮಾಡಿದ ಹಳೆಯ ಸ್ಪಂಜು ಎಲ್ಲವೂ ಸುಲಭವಾಗಿ ಸಿಗುತ್ತವೆ. ಹಿಡಿದು ನಿಲ್ಲಿಸುವುದೇ ಕಷ್ಟ. ಫ್ರಿಟ್ಜ್ ಕ್ಲಾಟೆ 1912ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದ ಪಾಲಿವಿನೈಲ್ ಅಸಿಟೇಟಿನಿಂದ ಮುಂದೆ ಬಿಳಿ ಅಂಟು ಬಂತು. ನಮ್ಮಲ್ಲಿ ಫೆವಿಕಾಲ್ ಬಂದದ್ದು 1959ರಲ್ಲಿ. ಆದರೆ ಅಂಟಿಗೆ ನೀರು ಬೆರೆಸಿ ಒಣಪುಡಿಯ ಮೇಲೆ ಬಿಟ್ಟರೆ ಅದು ಒಳಗಿಳಿಯದೆ ಗುಂಡಗಾಗುತ್ತದೆ. ಪುಡಿಯನ್ನು ಮೈಗೆ ಮೆತ್ತಿಕೊಂಡು ಉರುಳಿ ನೆಲದ ತುಂಬ ಗುಳಿ ಮಾಡುತ್ತದೆ. ಮಾದರಿ ರೈಲು ಕಟ್ಟುವವರು ಇದಕ್ಕೆ ಕಂಡುಕೊಂಡ ಮದ್ದು, ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು. ಸೋಪು ಮೇಲ್ಮೈ ಎಳೆತವನ್ನು ಇಳಿಸುತ್ತದೆ. ಅಂಟುನೀರು ಕಣಕಣದ ಸಂದಿಗೂ ಇಳಿದು, ಒಣಗಿದ ಮೇಲೆ ಕಣ್ಣಿಗೆ ಕಾಣದಂತಾಗುತ್ತದೆ. ಈ ಇಡೀ ಕತೆಯಲ್ಲಿ ನನಗೆ ಅತಿ ಪ್ರಿಯವಾದದ್ದು ಆ ತೊಟ್ಟೇ. ಕುಗ್ಗಲೊಪ್ಪದ ನೀರನ್ನು ಅಡುಗೆಮನೆಯ ವಸ್ತುವೇ ಒಪ್ಪಿಸಿಬಿಟ್ಟಿತು.

ಈಗ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಕಪ್ಪು ಮಣ್ಣಾಗುತ್ತದೆ, ಟೀ ಚರಟ ಉದುರಿದ ಎಲೆಯಾಗುತ್ತದೆ, ಪುಡಿ ಮಾಡಿದ ಮೊಟ್ಟೆಚಿಪ್ಪು ಒಡೆದ ಕಲ್ಲುಹಾಸಾಗುತ್ತದೆ. ಎರಡೂ ಬಗೆಯ ಚರಟವನ್ನು ಬಿಸಿಲಲ್ಲಿ ಹರಡಿ ಗರಗರ ಒಣಗಿಸಿಕೊಳ್ಳಬೇಕು. ಹಸಿ ಉಳಿದರೆ ಅಂಟಿನಡಿಯಲ್ಲೇ ಬೂಷ್ಟು ಹಿಡಿಯುತ್ತದೆ. ಪುಡಿಯ ಮೇಲೆ ಮೊದಲು ಸೋಪುನೀರನ್ನು ತುಂತುರಾಗಿ ಸಿಂಪಡಿಸಿ, ಆಮೇಲೆ ಅಂಟುನೀರನ್ನು ಅಂಚಿನಿಂದ ಬಿಟ್ಟರೆ ಅದು ತಾನಾಗಿ ಒಳಕ್ಕೆ ಹಬ್ಬುತ್ತದೆ.