ನಿಮಗಿದು ಗೊತ್ತೆ? ಕೊಲೆಸ್ಟ್ರಾಲ್ ಮಾತ್ರೆಯ ಮೂಲ ಅಕ್ಕಿಯ ಬೂಷ್ಟು!

ಕೊಲೆಸ್ಟ್ರಾಲ್ ಇಳಿಸಲು ಕೋಟ್ಯಂತರ ಜನ ನುಂಗುವ ಸ್ಟ್ಯಾಟಿನ್ ಮಾತ್ರೆಯ ಕಥೆ ಶುರುವಾಗುವುದು ಜಪಾನಿನ ಕ್ಯೋಟೊದ ಅಂಗಡಿಯೊಂದರ ಅಕ್ಕಿಗೆ ಹಿಡಿದಿದ್ದ ಬೂಷ್ಟಿನಿಂದ. ಸಾಂಕ್ಯೊ ಔಷಧ ಕಂಪನಿಯ ವಿಜ್ಞಾನಿ ಅಕಿರಾ ಎಂಡೊ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಜಾಲಾಡಿ, 1973ರಲ್ಲಿ ಈ ಬೂಷ್ಟಿನಿಂದ ಕಾಂಪ್ಯಾಕ್ಟಿನ್ ಎಂಬ ಮೊದಲ ಸ್ಟ್ಯಾಟಿನ್ ವಸ್ತುವನ್ನು ಬೇರ್ಪಡಿಸಿದರು. ಅದನ್ನು ಇಲಿಗಳಿಗೆ ತಿನ್ನಿಸಿದರೆ ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ. ಸಂಶೋಧನೆ ಅಲ್ಲಿಗೇ ನಿಲ್ಲುವುದರಲ್ಲಿತ್ತು. ಎಂಡೊ ಪಟ್ಟು ಬಿಡಲಿಲ್ಲ. ಮೊಟ್ಟೆಯಿಡುವ ಕೋಳಿಗಳ ಮೇಲೆ ಪ್ರಯೋಗಿಸಿದರು. ಅವುಗಳ ರಕ್ತದಲ್ಲಿ ಕೊಲೆಸ್ಟ್ರಾಲ್ ಚೆನ್ನಾಗಿಯೇ ಇಳಿಯಿತು!

ನಮ್ಮ ದೇಹದ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲು ಊಟದಿಂದ ಬಂದದ್ದಲ್ಲ, ದೇಹವೇ ತಯಾರಿಸಿಕೊಂಡದ್ದು. ಸ್ಟ್ಯಾಟಿನ್ ಈ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಪಿತ್ತಜನಕಾಂಗವು ತನಗೆ ಕಡಿಮೆ ಬಿದ್ದದ್ದನ್ನು ರಕ್ತದಲ್ಲಿರುವ, ‘ಕೆಟ್ಟ ಕೊಲೆಸ್ಟ್ರಾಲ್’ ಎನಿಸಿದ ಎಲ್‌ಡಿಎಲ್‌ನಿಂದಲೇ ಸೆಳೆದುಕೊಳ್ಳುತ್ತದೆ.

ಕಾಂಪ್ಯಾಕ್ಟಿನ್ ಕೊನೆಗೂ ಮಾರುಕಟ್ಟೆಗೆ ಬರಲಿಲ್ಲ. ಅಮೆರಿಕದ ಮರ್ಕ್ ಕಂಪನಿ ಬೇರೊಂದು ಬೂಷ್ಟಿನಿಂದ ತೆಗೆದ ಲೊವಾಸ್ಟ್ಯಾಟಿನ್‌ಗೆ 1987ರಲ್ಲಿ ಮೊದಲು ಅನುಮತಿ ಸಿಕ್ಕಿತು. ಎಂಡೊ ಅವರಿಗೆ 2008ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್‌ಗೂ ಅರ್ಹರಾಗಿದ್ದ ಅವರು ಅದನ್ನು ಕಾಣದೆ 2024ರಲ್ಲಿ ತೀರಿಕೊಂಡರು.

ಇನ್ನೊಂದು ಸಂಗತಿ: ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಮಾತ್ರೆ ದೇಹದಲ್ಲಿ ಬಹಳ ಹೊತ್ತು ಉಳಿಯದು, ಕೊಲೆಸ್ಟ್ರಾಲ್ ತಯಾರಿಕೆಯೋ ರಾತ್ರಿ ಹೊತ್ತು ಹೆಚ್ಚು. ಹಾಗಾಗಿ ಅದನ್ನು ರಾತ್ರಿ ತೆಗೆದುಕೊಳ್ಳಲು ಹೇಳುತ್ತಾರೆ. ಇನ್ನೊಂದು ಸ್ಟ್ಯಾಟಿನ್ ಆದ ಅಟೊರ್ವಾಸ್ಟ್ಯಾಟಿನ್‌ಗೆ ಈ ಕಟ್ಟುಪಾಡಿಲ್ಲ. ಆದರೆ ಚಕ್ಕೋತದ ಹತ್ತಿರದ ನೆಂಟ ಗ್ರೇಪ್‌ಫ್ರೂಟ್ ಈ ಎರಡೂ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ಚಕ್ಕೋತ ಪ್ರಿಯರೂ ವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ.